ಎಡಗಣ್ಣಿನ ಹೇಳಿಕೆ

ಮನೆ, ಪರದೆ ಎಳೆದ ಮುಂಗೋಣೆ
ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗೆ ಆಕಳಿಸುತ್ತಿರುವ ಸಮಸ್ತ ಸಭಿಕರೇ! ಮೂರನೆಯ ತರಗತಿಯಿಂದ ನನ್ನ ಮೂಗಿನ ಮೇಲೆ ಸವಾರಿ ಮಾಡಿದ ಶ್ರೀಮಾನ್ ಕನ್ನಡಕರಾಯರು ಕಳೆದ ಶನಿವಾರ ಸೇವೆಯಿಂದ ನಿವೃತ್ತರಾದರೆಂಬ ಸಂತೋಷದ ಸುದ್ದಿಯನ್ನು ತಮ್ಮೆಲ್ಲರ ಮುಂದಿಡಲು ಹೆಮ್ಮೆಪಡುತ್ತೇನೆ. ಚಪ್ಪಾಳೆ ತಟ್ಟುವವರು ತಟ್ಟಬಹುದು. ಬೈಯುವವರು ಒಬ್ಬರೇ ಇದ್ದಾರೆ. ಅವರು ದೂರದ ತರಬೇತಿ ಶಿಬಿರದಲ್ಲಿದ್ದಾರೆ ಎಂಬ ಧೈರ್ಯದ ಮೇಲೆ ಭಾಷಣ ಮುಂದುವರಿಸುತ್ತೇನೆ.

ಪ್ರೀತಿಯವಳೇ,

(ಈ ಪದ ನಾನು ಹಾಕಿದ್ದು. ಸಂಬೋಧನೆಯ ಜಾಗ ಬಂದಾಗ ಅಳಿಯಂದಿರು ಕೆಮ್ಮಿ ಮುಂದಿನ ಸಾಲಿಗೆ ಹಾರಿದರು. ಕಂಸದಲ್ಲಿ ಇರುವುದೆಲ್ಲ ನನ್ನದು. — ನಿನ್ನ ಅಮ್ಮ)

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವುದು ನಾನು, ಬರೆಯುತ್ತಿರುವುದು ನಿನ್ನ ಅಮ್ಮ. ಓದು, ಬರಹ, ಟಿವಿ, ಮೊಬೈಲು ಎಲ್ಲಕ್ಕೂ ಡಾಕ್ಟರು ರಜೆ ಕೊಟ್ಟಿದ್ದಾರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ‘ಹಲೋ’ ಅನ್ನುವ ರೀತಿಯಲ್ಲೇ ನೆಗಡಿಯೋ ಜಗಳವೋ ಎಂದು ಕಂಡುಹಿಡಿಯುವವಳು ನೀನು, ಆದ್ದರಿಂದ ಕಾಗದವೇ ಕ್ಷೇಮ. ನಿಮ್ಮ ಕಚೇರಿಯ ಜೀಪಿನ ಡ್ರೈವರ್ ಸಂಜೆ ಶಿಬಿರಕ್ಕೆ ಸಾಮಾನು ತರುತ್ತಾನಂತೆ. ಅವನ ಕೈಯಲ್ಲಿ ಕಳಿಸುತ್ತೇನೆ, ರಾತ್ರಿಯೇ ನಿನಗೆ ಸಿಗುತ್ತದೆ. ನೀನು ಹೇಗಿದ್ದೀಯ? ಬಿಸಿಲಲ್ಲಿ ತಲೆಗೆ ಟೋಪಿ ಹಾಕುತ್ತೀಯೋ, ಟೋಪಿಯನ್ನು ಅಳತೆಯ ಯಂತ್ರಕ್ಕೆ ಹಾಕಿ ನೀನು ಬರಿತಲೆಯಲ್ಲಿ ನಿಲ್ಲುತ್ತೀಯೋ? ಮಂಡಿನೋವು ಹೇಗಿದೆ? ಶನಿವಾರದ ಕೊನೆಯ ಪರೀಕ್ಷೆ ದಾಟಿದರೆ ಮುಖ್ಯ ಸರ್ವೆಯರ್ ಆಗುತ್ತೀಯ. ಅದಕ್ಕಾಗಿ ಎಷ್ಟು ಕಾದಿದ್ದೀಯ ಎಂದು ನನಗೆ ಗೊತ್ತು. ಅದನ್ನು ಮುಗಿಸಿಕೊಂಡೇ ಬಾ. ಇಲ್ಲಿ ಎಲ್ಲ ಸುಸೂತ್ರ. ಈ ಮಾತಿನ ಕೆಳಗೆ ಒಂದು ಗೆರೆ ಎಳೆಯಿರಿ, ಅತ್ತೆ. (ಎಳೆದಿದ್ದೇನೆ. ಅವರು ಹೇಳಿದ್ದಕ್ಕೆ.)

ಲಿಪಿಕಾರರ ಬಗ್ಗೆ ಸಭೆಗೆ ಒಂದು ಎಚ್ಚರಿಕೆ. ನನ್ನ ಅತ್ತೆಯವರು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದು, ಸಾಕ್ಷಿಗಳು ಅತ್ತದ್ದು, ಬೈದದ್ದು, ತಡವರಿಸಿದ್ದು ಎಲ್ಲವನ್ನೂ ಟೈಪು ಮಾಡಿ ನಿವೃತ್ತರಾದವರು. ಬಾಯಿಂದ ಬಿದ್ದದ್ದು ಹಾಳೆಗೆ ಬೀಳಲೇಬೇಕು. ಮಧ್ಯದಲ್ಲಿ ಹಿಡಿದು ನಿಲ್ಲಿಸುವ ಪದ್ಧತಿ ಅವರಲ್ಲಿಲ್ಲ. ‘ಅದನ್ನ ಬರೀಬೇಡಿ’ ಎಂದರೆ ಅದನ್ನೂ ಬರೆಯುತ್ತಾರೆ. ಆದ್ದರಿಂದ ಇವತ್ತು ನಾನು ಬಹಳ ಯೋಚಿಸಿ ಮಾತಾಡುತ್ತಿದ್ದೇನೆ. (ಬಹಳವೇನೂ ಇಲ್ಲ.)

ಈಗ ವಿಷಯಕ್ಕೆ. ನೀನು ಶಿಬಿರ ಮುಗಿಸಿ ಬಂದ ಮೇಲೆ ಕಣ್ಣಿನ ಆಪರೇಷನ್ ಎಂದು ಮಾತಾಗಿತ್ತು, ನಿಜ. ಶುಕ್ರವಾರ ಆಸ್ಪತ್ರೆಯಿಂದ ಫೋನ್ ಬಂತು. ಯಾರೋ ಪುಣ್ಯಾತ್ಮರು ಹೆದರಿ ಹಿಂದೆ ಸರಿದಿದ್ದಾರೆ, ನಾಳೆ ಬೆಳಿಗ್ಗೆ ಜಾಗ ಖಾಲಿ ಇದೆ, ಬರುತ್ತೀರಾ ಎಂದರು. ಇನ್ನೊಬ್ಬನ ಹೆದರಿಕೆ ನೋಡಿದರೆ ನನಗೆ ಎಲ್ಲಿಲ್ಲದ ಶೌರ್ಯ ಬರುತ್ತದೆ, ‘ಬಂದೆ’ ಎಂದುಬಿಟ್ಟೆ. ಆಮೇಲೆ ನಿನಗೆ ಹೇಳೋಣವೆಂದು ಫೋನ್ ಕೈಗೆತ್ತಿಕೊಂಡು, ಕೆಳಗಿಟ್ಟು, ಮತ್ತೆ ಎತ್ತಿ, ಕೊನೆಗೆ ಚಾರ್ಜಿಗೆ ಹಾಕಿ ಮಲಗಿದೆ. ಅಷ್ಟೊಂದು ಅವಸರವೇನಿತ್ತು ಎಂದು ಕೇಳುತ್ತೀಯ. ನೀನು ಪ್ರತಿ ಸಲ ಕ್ಯಾಂಪಿನಿಂದ ವಾಪಸು ಬರುವಾಗ ನಾನು ಸ್ಟೇಷನ್ನಿನಲ್ಲಿ ನಿಂತು, ಮಂಜು ಹಿಡಿದ ಗಾಜು ಒರೆಸುತ್ತ, ಯಾರೋ ಅಪರಿಚಿತ ಹೆಂಗಸಿಗೆ ಹಲ್ಲುಬಿಟ್ಟು ಕೈಬೀಸುತ್ತಿರುತ್ತೇನೆ. ನೀನು ಹಿಂದಿನಿಂದ ಬಂದು ಭುಜ ತಟ್ಟಿ ‘ರೀ, ಯಾರ್ರೀ ಅವರು?’ ಎನ್ನುತ್ತೀಯ. ದೂರದ ಅಳತೆಗೋಲಿನ ಮೇಲಿನ ಅಂಕಿಯನ್ನು ಬರಿಗಣ್ಣಲ್ಲಿ ಓದುವವಳು ನೀನು. ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದುತ್ತ ಅಂಗೈಯಗಲದ ಲೋಕ ಕಂಡವನು ನಾನು. ಒಂದು ಸಲವಾದರೂ, ರೈಲಿನ ಬಾಗಿಲಲ್ಲಿ ಬ್ಯಾಗು ಹಿಡಿದು ನೀನು ನನ್ನನ್ನು ಹುಡುಕುವ ಮೊದಲೇ, ನಾನು ನಿನ್ನನ್ನು ಕಂಡಿರಬೇಕು. ಇಷ್ಟೇ ಕಾರಣ. ಇದನ್ನು ನಿನ್ನ ಅಮ್ಮನಿಗೆ ಹೇಳಿ ಬರೆಸುವಾಗ ಕಪ್ಪು ಕನ್ನಡಕ ಹಾಕಿಕೊಂಡಿರುವುದು ಎಷ್ಟೋ ಅನುಕೂಲ. (ಕಿವಿ ಕೆಂಪಾಗಿದೆ. ಅದಕ್ಕೆ ಕನ್ನಡಕ ಸಾಲದು.)

ಆಪರೇಷನ್ ಬಗ್ಗೆ ಹೇಳಬೇಕೆಂದರೆ, ಹೇಳುವಷ್ಟು ಹೊತ್ತೂ ಅದು ಹಿಡಿಯಲಿಲ್ಲ. ತಲೆಗೆ ಅಡುಗೆಭಟ್ಟರ ಟೋಪಿ, ಮೈಗೆ ಹಿಂದೆ ಗುಂಡಿಯಿಲ್ಲದ ನಿಲುವಂಗಿ. ಡಾಕ್ಟರಮ್ಮ ಎಷ್ಟು ಚಿಕ್ಕವಳೆಂದರೆ, ‘ಡಾಕ್ಟರು ಎಲ್ಲಮ್ಮ?’ ಎಂದು ಅವಳನ್ನೇ ಕೇಳಿಬಿಟ್ಟೆ. ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟು, ರೆಪ್ಪೆ ಮುಚ್ಚದ ಹಾಗೆ ಒಂದು ತಂತಿಯ ಚಿಮಟ ಸಿಕ್ಕಿಸಿ, ‘ಅಂಕಲ್, ಹಸಿರು ಚುಕ್ಕೇನೇ ನೋಡ್ತಾ ಇರಿ’ ಎಂದಳು. ನನ್ನ ಕಣ್ಣಿನ ಕಾರ್ನಿಯಾ ತೆಳುವಂತೆ. ಅದಕ್ಕೆ ಮೇಲಿನ ಪದರವನ್ನು ನಯವಾಗಿ ಸರಿಸಿ, ಅಲ್ಲಿಗೇ ಲೇಸರ್ ಬೆಳಕು ಬಿಟ್ಟರು. ಟಕಟಕ ಸದ್ದು. ಕೂದಲು ಸುಟ್ಟ ಹಾಗೆ ಕಮಟು. ‘ಏನೋ ಸೀದ ವಾಸನೆ ಬರ್ತಿದೆಯಲ್ಲಮ್ಮ’ ಎಂದೆ. ‘ನಿಮ್ದೇ ಅಂಕಲ್, ಗಾಬರಿ ಆಗ್ಬೇಡಿ’ ಎಂದಳು. ಆಮೇಲೆ ಎರಡು ಕಣ್ಣಿಗೂ ಬ್ಯಾಂಡೇಜಿನ ಹಾಗೆ ಒಂದೊಂದು ಲೆನ್ಸ್ ಮುಚ್ಚಿ, ಗಾಯ ಆರಿದ ಮೇಲೆ ತೆಗೆಯುತ್ತೇವೆ, ಅಲ್ಲಿಯವರೆಗೆ ಆಗಾಗ ಮಂಜು ಮಂಜಾಗಬಹುದು ಎಂದರು. ಹೊರಗೆ ಬಂದಾಗ ಆಶುಕವಿತ್ವ ಉಕ್ಕಿತು:

ಮೂಗಿನ ಮೇಲಿನ ಭಾರ ಇಳಿಯಿತು,
ಮೂರೇ ನಿಮಿಷಕೆ ಊರೇ ಬೆಳಗಿತು!

(ಊರು ಬೆಳಗಲಿಲ್ಲ. ಟ್ಯಾಕ್ಸಿಯಲ್ಲಿ ಕಣ್ಣು ಮುಚ್ಚಿಕೊಂಡು ನನ್ನ ಕೈಚೀಲದ ಹಿಡಿಕೆ ಹಿಡಿದುಕೊಂಡೇ ಮನೆಗೆ ಬಂದರು.)

ಮೊದಲ ಎರಡು ದಿನ ಕಣ್ಣೊಳಗೆ ಯಾರೋ ಮೆಣಸಿನಪುಡಿ ಜರಡಿ ಹಿಡಿದಂತಿತ್ತು. ಈಗ ಇಲ್ಲ. ಇನ್ನೊಂದು ವಿಷಯ. ದೂರದ ನೋಟ ಸರಿಹೋದರೂ ನನ್ನ ವಯಸ್ಸಿಗೆ ಹತ್ತಿರದ ಓದಿಗೆ ಕನ್ನಡಕ ಬೇಕೇ ಬೇಕಂತೆ. ಇಷ್ಟು ದಿನ ಹಾಳೆಯನ್ನು ಮೂಗಿಗೆ ತಾಗಿಸಿ ಬರಿಗಣ್ಣಲ್ಲಿ ಅಲ್ಪವಿರಾಮ ಹುಡುಕುತ್ತಿದ್ದೆನಲ್ಲ, ಆ ವಿದ್ಯೆ ಇನ್ನು ನಡೆಯುವುದಿಲ್ಲ. ಡಾಕ್ಟರಮ್ಮ ಇದನ್ನು ಮೊದಲೇ ಬಿಡಿಸಿ ಬಿಡಿಸಿ ಹೇಳಿದ್ದಳಂತೆ, ನಾನು ತಲೆಯಾಡಿಸಿದ್ದೆನಂತೆ. ನನ್ನ ಮನಸ್ಸು ಆಗ ಸ್ಟೇಷನ್ನಿನಲ್ಲಿತ್ತು. ಕನ್ನಡಕ ಬಿಡಿಸಿಕೊಳ್ಳಲು ಹೋಗಿ ಕನ್ನಡಕ ಕೊಳ್ಳಬೇಕಾಗಿ ಬಂದ ವೀರ ಈ ಸಭೆಯಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ಎದ್ದು ನಿಲ್ಲಲಿ, ತಬ್ಬಿಕೊಳ್ಳುತ್ತೇನೆ. ಇಷ್ಟರ ಮೇಲೆ, ಮೊನ್ನೆ ಕನ್ನಡಿ ನೋಡಿದೆ:

ಕನ್ನಡಕ ಬಿಟ್ಟವ ಕಂಡದ್ದೇನು?
ಕನ್ನಡಿಯೊಳಗೊಬ್ಬ ಬೋಳನು ತಾನು!

ಇಷ್ಟು ವರ್ಷ ನೀನು ಇದನ್ನು ನನ್ನಿಂದ ಮುಚ್ಚಿಟ್ಟದ್ದು ಯಾಕೆ?

ಇನ್ನು ಹನಿ ಹಾಕುವ ಪ್ರಸಂಗ. ನಿನಗೆ ಗೊತ್ತಲ್ಲ, ನಮ್ಮಿಬ್ಬರ ಮದುವೆಯಾದಾಗಿನಿಂದ ಅತ್ತೆಯೂ ನಾನೂ ನಿನ್ನ ಮೂಲಕವೇ ಮಾತಾಡುವವರು. ‘ಅವರಿಗೆ ಊಟಕ್ಕೆ ಬಡಿಸಿದೆ ಅಂತ ಹೇಳೇ.’ ‘ಅತ್ತೆಗೆ ಔಷಧಿ ತಂದಿದೀನಿ ಅಂತ ಹೇಳು.’ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು, ಮಧ್ಯೆ ನೀನು. ನೀನು ಶಿಬಿರಕ್ಕೆ ಹೋದ ಮೇಲೂ ಈ ವ್ಯವಸ್ಥೆ ನಿಲ್ಲಲಿಲ್ಲ. ನಿನ್ನ ಖಾಲಿ ಕುರ್ಚಿಗೆ ಹೇಳುತ್ತಿದ್ದೆವು, ಕುರ್ಚಿ ತಲುಪಿಸುತ್ತಿತ್ತು, ಯಾವ ತೊಂದರೆಯೂ ಇರಲಿಲ್ಲ. ಆದರೆ ಕಣ್ಣಿಗೆ ಹನಿ ಹಾಕುವುದು ಕುರ್ಚಿಯಿಂದ ಆಗುವ ಕೆಲಸವಲ್ಲವಲ್ಲ. ಮೊದಲ ದಿನ ನಾನು ಸೋಫಾದ ಮೇಲೆ ಆಕಾಶ ನೋಡುತ್ತ ಮಲಗಿದೆ. ಅತ್ತೆ ಬಾಟಲಿ ಹಿಡಿದು ಒಂದು ಮಾರು ದೂರ ನಿಂತು, ಕುರ್ಚಿಯ ಕಡೆ ತಿರುಗಿ ‘ಅವರಿಗೆ ಕಣ್ಣು ಅಗಲ ಮಾಡ್ಬೇಕಂತೆ ಅಂತ ಹೇಳೇ’ ಎಂದರು. ನಾನೂ ಕುರ್ಚಿಗೆ ‘ಮಾಡಿದೀನಿ ಅಂತ ಹೇಳು’ ಎಂದೆ. ಮೊದಲ ಹನಿ ಹಣೆಗೆ. ಎರಡನೆಯದು ಮೂಗಿಗೆ. ಮೂರನೆಯದು ಮೀಸೆಗೆ. ಆಗ ಅವರಿಗೆ ಸಿಟ್ಟು ಬಂತು ನೋಡು, ‘ಅಯ್ಯೋ, ಅಲ್ಲಾಡ್ಬೇಡ ಇರಪ್ಪಾ!’ ಎಂದು ಗದರಿ, ಎಡಗೈಯಿಂದ ನನ್ನ ಗಲ್ಲ ಹಿಡಿದು, ರೆಪ್ಪೆ ಬಿಡಿಸಿ, ಹಾಕೇಬಿಟ್ಟರು. ಬೆರಳು ತಣ್ಣಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಹನಿ ಒಳಗೆ ಹೋಯಿತು. ಅದರ ಜೊತೆ ಇನ್ನೇನೋ ಹೊರಗೆ ಬಂತು, ಔಷಧಿಯೇ ಇರಬೇಕು. (ಔಷಧಿ ಅಷ್ಟೊಂದು ಇರಲಿಲ್ಲ.) ಹನಿ ಹಾಕುವಷ್ಟು ಹೊತ್ತು ನಾನು ‘ಅಪ್ಪಾ, ರಾಜಾ’. ಬಾಟಲಿಗೆ ಮುಚ್ಚಳ ಬಿದ್ದ ಕೂಡಲೇ ಮತ್ತೆ ‘ಅವರು’. ಹನಿ ಹಾಕುವ ಹೊತ್ತಿಗಾಗಿ ಕಾಯುತ್ತೇನೆ ಎಂದರೆ ನಗಬೇಡ.

ರಾತ್ರಿ ಎರಡು ಕಣ್ಣಿಗೂ ಪ್ಲಾಸ್ಟಿಕ್ಕಿನ ಮುಚ್ಚಳ ಇಟ್ಟು ಟೇಪು ಅಂಟಿಸುತ್ತಾರೆ. ಮಲಗಿದರೆ ನಾನೇ ಒಂದು ಕಪ್ಪೆ. ಮುಖ ತೊಳೆಯುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಾರೆ, ಹೊಗೆ ನನ್ನ ಕಣ್ಣಿಗೆ ತಾಗಬಾರದೆಂದು. ಒಳಗೆ ಅವರೇ ಕೆಮ್ಮುವುದು ಕೇಳಿಸುತ್ತದೆ. ನಿನ್ನೆ ಪ್ರೆಸ್ಸಿನ ಮಾಲೀಕರು ಬಂದಿದ್ದರು. ‘ನಿಮ್ಮ ಕಣ್ಣೇ ನಮ್ಮ ಪ್ರೆಸ್ಸಿನ ಕಣ್ಣು ಮಾರಾಯ್ರೇ, ಬೇಗ ಬನ್ನಿ, ಕರಡು ಗುಡ್ಡೆ ಬಿದ್ದಿದೆ’ ಎಂದರು. ಸೋಮವಾರ ಬರುತ್ತೇನೆ ಎಂದೆ. ಬಲಗಣ್ಣು ಬಹಳ ಚುರುಕಾಗಿದೆ. ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ ಅಂಗಿಯ ಗುಂಡಿ ಕಾಣುತ್ತದೆ. ಎಡಗಣ್ಣು ಸ್ವಲ್ಪ ಸೋಮಾರಿ. ಅದನ್ನ ಬರೀಬೇಡಿ, ಅತ್ತೆ. (ಬರೆದಾಯಿತು.) ಸರಿ, ಬರೆದದ್ದರಿಂದ ಹೇಳುತ್ತೇನೆ. ಭಾನುವಾರ ತೋರಿಸಲು ಹೋದಾಗ ಡಾಕ್ಟರಮ್ಮ ಎಡಗಡೆಯ ಗಾಯ ನಿಧಾನವಾಗಿ ಆರುತ್ತಿದೆ, ಶುಕ್ರವಾರ ಲೆನ್ಸ್ ತೆಗೆದು ನೋಡೋಣ, ಅಷ್ಟರಲ್ಲಿ ತೊಂದರೆ ಅನ್ನಿಸಿದರೆ ಫೋನ್ ಮಾಡಿ ಎಂದಿದ್ದಾಳೆ. ಎಷ್ಟೋ ಜನಕ್ಕೆ ಹೀಗಾಗುತ್ತದಂತೆ. ತೊಂದರೆಯೇನೂ ಅನ್ನಿಸಿಲ್ಲ, ಆದ್ದರಿಂದ ಫೋನ್ ಮಾಡಿಲ್ಲ. (ಬೆಳಿಗ್ಗೆ ನಾನು ಕೊಟ್ಟ ಲೋಟ ಹಿಡಿಯಲು ಹೋಗಿ ಗಾಳಿಯನ್ನು ಹಿಡಿದರು. ನಾನು ನೋಡಲಿಲ್ಲವೆಂದು ತಿಳಿದಿದ್ದಾರೆ.) ಏನು ಬರೆಯುತ್ತಿದ್ದೀರಿ ಇಷ್ಟು ಹೊತ್ತು? ನಾನೇನೂ ಹೇಳಲಿಲ್ಲವಲ್ಲ.

ಒಟ್ಟಿನಲ್ಲಿ, ಸಭಿಕರೇ, ಎರಡು ಕಣ್ಣೂ ಕ್ಷೇಮ, ಮನೆಯೂ ಕ್ಷೇಮ. ನೀನು ನಿಶ್ಚಿಂತೆಯಿಂದ ಪರೀಕ್ಷೆ ಬರೆ. ಬಿಸಿಲಲ್ಲಿ ನೀರು ಕುಡಿಯುತ್ತಿರು. ನಿನ್ನ ಜೊತೆ ಕೋಣೆಯಲ್ಲಿರುವ ಗೊರಕೆ ಮೇಡಂ ಅವರಿಗೆ ನನ್ನ ನಮಸ್ಕಾರ ತಿಳಿಸು. ಬೈಗುಳವಿದ್ದರೆ ಕೂಡಿಟ್ಟುಕೊಂಡು ಬಾ, ಒಟ್ಟಿಗೇ ಸ್ವೀಕರಿಸುತ್ತೇನೆ.

ಇಂತು, ಸಭೆಯ ಅಪ್ಪಣೆ ಪಡೆದು ಕುಳಿತುಕೊಳ್ಳುವ,
ನಿನ್ನ ಬೋಳ

ವಿ. ಸೂ.: (ಜೀಪಿನವನು ಬಾಗಿಲಲ್ಲಿ ನಿಂತಿದ್ದಾನೆ. ಆದರೂ ಹೇಳಿಕೆಯನ್ನು ಓದಿ ಹೇಳದೆ ಮುಚ್ಚುವುದು ನನ್ನಿಂದಾಗದು. ಮೊದಲಿಂದ ಓದಿದೆ. ಓದಿ ಮುಗಿಸಿ ‘ಸರಿ ಇದೆಯಾ?’ ಎಂದೆ. ಕುರ್ಚಿಯನ್ನು ಕೇಳಲಿಲ್ಲ, ಅವರನ್ನೇ ಕೇಳಿದೆ. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.)

ಸರಿ ಇಲ್ಲ. ಎಡಗಣ್ಣಲ್ಲಿ ಏನೂ ನೆಟ್ಟಗೆ ಕಾಣ್ತಿಲ್ಲ ಕಣೇ. ಬಲಗಣ್ಣು ಮುಚ್ಚಿದ್ರೆ, ಇಲ್ಲೇ ಎದುರಿಗೆ ಕೂತು ಬರೀತಿರೋ ನಿನ್ನಮ್ಮನ ಮುಖ ಇಲ್ಲ, ಬಿಳಿ ಕೂದಲು ಒಂದು ಮುದ್ದೆ ಅಷ್ಟೇ. ದಿನಾ ಬೆಳಿಗ್ಗೆ ನೋಡ್ತೀನಿ, ಹಾಗೇ ಇದೆ. ಫೋನ್ ಮಾಡ್ಲಿಲ್ಲ, ಯಾಕಂದ್ರೆ ಡಾಕ್ಟರಮ್ಮ ಏನಂತಾಳೋ ಅಂತ ಭಯ. ಈಗ ಮಾಡ್ತೀನಿ, ಅತ್ತೆ ನಂಬರ್ ಒತ್ತಿ ಕೊಡ್ತಾರೆ. ಪರೀಕ್ಷೆ ಮುಗಿಸ್ಕೊಂಡು ಬಾ ಅಂತ ಹೇಳ್ಬೇಕು ನಾನು. ಮಧ್ಯಾಹ್ನದಿಂದ ಅದನ್ನೇ ಹೇಳ್ತಿದೀನಿ. ಆಗ್ತಿಲ್ಲ. ಈ ಜೀಪಲ್ಲೇ ಬಾ.

(ಓದಿ ಹೇಳಿದೆ. ಸರಿ ಇದೆ ಎಂದರು.)