ಮೊದಲು ಕೆಟ್ಟದ್ದು, ಆಮೇಲೆ ಚಹಾ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಪತ್ರ ತಡವಾಯಿತು, ಬೈದುಕೋ. ಐದು ಕಾರ್ಖಾನೆಗಳನ್ನು ಒಂದೇ ದಾರಿಗೆ ತರುವವಳಿಗೆ ತಲೆ ಬಾಚಲೂ ಬಿಡುವಿಲ್ಲ. ಒಕ್ಕೂಟದ ಸಂಚಾಲಕಿ ಎಂಬುದು ಹೆಸರಿಗೆ. ಮಾಡುವುದೆಲ್ಲ ಜಗಳ ಬಿಡಿಸುವ ಚಾಕರಿ.

ಆದರೂ ಸುದ್ದಿ ಸಿಹಿಯಾದದ್ದು. ಐದೂ ಕಾರ್ಖಾನೆ ಸೇರಿ ಮಾಡಿದ ನಮ್ಮ ಗಾಲಿಕುರ್ಚಿ ಆಸ್ಪತ್ರೆಯವರ ಪರೀಕ್ಷೆಯಲ್ಲಿ ಪಾಸಾಯಿತು. ಹೋದ ತಿಂಗಳು ನೀನು ನೋಡಿದ್ದರೆ ನಗುತ್ತಿದ್ದೆ: ನೇರ ಹೋಗೆಂದರೆ ಗೋಡೆಗೆ ಹೋಗುತ್ತಿತ್ತು. ಚೌಕಟ್ಟು ಮಾಡುವ ಯಜಮಾನಿಗೂ ಚಕ್ರದ ಯಜಮಾನನಿಗೂ ಹಳೆಯ ಪೈಪೋಟಿ. ನಕ್ಷೆ ತೋರಿಸಿದರೆ ಕದ್ದಾರೆಂಬ ಭಯ. ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಸೋತಿದ್ದೆವು, ಇನ್ನೊಮ್ಮೆ ತಪ್ಪಿದ್ದರೆ ಕೆಲಸ ದೊಡ್ಡ ಕಂಪನಿಯ ಪಾಲಾಗಿ ಒಕ್ಕೂಟ ಚೂರುಚೂರಾಗುತ್ತಿತ್ತು.

ಆಗ ನಾನೊಂದು ಪದ್ಧತಿ ತಂದೆ. ಸಭೆ ಸರದಿಯ ಮೇಲೆ ಒಬ್ಬೊಬ್ಬರಲ್ಲಿ. ಕರೆದವರು ಮೊದಲು ತಮ್ಮ ಕೈಯಲ್ಲಿ ಕೆಟ್ಟುಹೋದ ಒಂದು ವಸ್ತುವನ್ನು ಮೇಜಿನ ಮೇಲಿಡಬೇಕು, ಆಮೇಲೆಯೇ ಚಹಾ. ಮೊದಲ ಸರದಿ ಚಕ್ರದವನದು. ಅವನನ್ನು ನಾವು ಚಕ್ರವರ್ತಿ ಎನ್ನುತ್ತೇವೆ, ಗತ್ತು ಹಾಗಿದೆ.

"ನಮ್ಮಲ್ಲಿ ಕೆಟ್ಟಿದ್ದು ಅಂತ ಯಾವ್ದೂ ಇಲ್ಲವಲ್ಲ ಮೇಡಂ," ಎಂದ.

"ಹಾಗಾದ್ರೆ ಚಹಾನೂ ಇಲ್ಲ," ಎಂದೆ.

ಗೊಣಗುತ್ತಾ ಒಳಗೆ ಹೋಗಿ ಒಂದು ಚಕ್ರ ತಂದಿಟ್ಟ. ನಡುವಿನ ತೂತು ಓರೆ. ಚೌಕಟ್ಟಿನ ಯಜಮಾನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಯ್ಯೋ, ನಮ್ಮ ಆಕ್ಸಲ್ಲೂ ಇದೇ ಕಡೆ ವಾಲುತ್ತೆ ಕಣ್ರೀ. ಇಷ್ಟು ದಿನ ನಿಮ್ಮನ್ನೇ ಬೈಕೊಂಡು ಕೂತಿದ್ದೆ."

"ನಾನೇನು ಸುಮ್ನಿದ್ನಾ?" ಎಂದ ಚಕ್ರವರ್ತಿ.

ಅಂದೇ ಇಬ್ಬರ ನಕ್ಷೆಗಳೂ ಅಕ್ಕಪಕ್ಕ ಬಿಚ್ಚಿಕೊಂಡವು. ಪರೀಕ್ಷೆಯ ದಿನ ಹಿರಿಯ ನರ್ಸ್ ತಾವೇ ಕುಳಿತು ಉದ್ದನೆಯ ಮೊಗಸಾಲೆಯಲ್ಲಿ ಸರ್ರನೆ ಸಾಗಿದರು, ತಿರುಗಿ ಬಂದರು, ಇಳಿಯಲು ಮನಸ್ಸಾಗದೆ ಇನ್ನೊಂದು ಸುತ್ತು ಹೋದರು. ಚಕ್ರವರ್ತಿ ಕಣ್ಣೊರೆಸಿಕೊಂಡು ಧೂಳು ಬಿತ್ತು ಎಂದ. ಆಸ್ಪತ್ರೆಯಲ್ಲಿ ಎಲ್ಲಿಯ ಧೂಳು! ನಾನಂತೂ ಅಲ್ಲೇ ಎರಡು ಸಾಲು ಕಟ್ಟಿದೆ:

ಅಳತೆ ಕೂಡಿತು, ಅಳುಕು ಓಡಿತು,
ಗೋಡೆಗೆ ಹೋಗೋ ಕುರ್ಚಿ ಬಾಗಿಲ ನೋಡಿತು.

ನಿನಗೆ ಗೊತ್ತಲ್ಲ, ನನಗೆ ಸಂತೋಷವಾದರೆ ಸುತ್ತಲಿನವರಿಗೆ ಪ್ರಾಸದ ತ್ರಾಸ.

ನಾದಿನಿಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ನಿನ್ನ ಕೈ ಸೋಲದಿರಲಿ, ಮನೆ ನಗುತ್ತಿರಲಿ.

ನಿನ್ನ
ಅಕ್ಕ

ತಾ.ಕ.: ಕುರ್ಚಿಗೆ ಬೇಡಿಕೆ ಹೆಚ್ಚಿತು, ಬೆಸುಗೆಗೆ ಇನ್ನೊಬ್ಬರು ಬೇಕೆಂದು ಅಲ್ಲೇ ಮಾತು ಬಂತು. "ನಿಮ್ಮ ತಮ್ಮನ್ನೇ ಕರೀರಿ ಮೇಡಂ, ಹೇಗೂ ಅವ್ರ ವೆಲ್ಡಿಂಗ್ ಶೆಡ್ ಮುಚ್ಚಿ ಎಷ್ಟೋ ತಿಂಗಳಾಯ್ತಲ್ಲ," ಎಂದ ಚಕ್ರವರ್ತಿ. ಗೊತ್ತಿದೆ ಎಂಬಂತೆ ತಲೆಯಾಡಿಸಿದೆ. ಗೊತ್ತಿರಲಿಲ್ಲ ಕಣೋ. ನನ್ನ ಬೆನ್ನಿಗೆ ಬಿದ್ದ ತಮ್ಮನ ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳಿದೆ. ಮುಂದಿನ ಸಭೆ ನಿನ್ನ ಶೆಡ್ಡಿನಲ್ಲೇ ಎಂದು ಹೇಳಿಬಿಟ್ಟಿದ್ದೇನೆ. ಶುಕ್ರವಾರ ಎಲ್ಲರೂ ಬರುತ್ತೇವೆ, ಬೀಗ ತೆಗೆದಿರು.