ಹತ್ತನೇ ತರಗತಿಯ ಕಟಕಟೆಯಲ್ಲಿ ದೂಮಣ್ಣ ಮಾವ

ಮೇಗಿನಗುತ್ತು, ಸಿದ್ದಕಟ್ಟೆ ಅಂಚೆ
೬ ಡಿಸೆಂಬರ್ ೧೯೬೧, ಬುಧವಾರ

ಕುಸುಮಾ,

ಮೊದಲು ಆಶೀರ್ವಾದ, ಬೈಗುಳ ಆಮೇಲೆ. ನಿನ್ನ ಕಾಗದ ಸೋಮವಾರವೇ ಕೈಸೇರಿತು. ಎರಡು ದಿನ ಉತ್ತರ ಬರೆಯದೆ ಕುಳಿತದ್ದು ಪುರುಸೊತ್ತಿಲ್ಲದೆ ಅಲ್ಲ. ಬರೆಯಲು ಹೆದರಿಕೆಯಾಗಿತ್ತು. ನನಗೆ ಹೆದರಿಕೆ ಎಂದರೆ ನೀನು ನಗುತ್ತೀ. ನಗು.

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಇತಿಹಾಸದ ನ್ಯಾಯಾಲಯ ಮಾಡಿಸುತ್ತೇನೆ, ಮಹಾಪುರುಷರನ್ನೂ ದುಷ್ಟರನ್ನೂ ಅವರೇ ವಿಚಾರಿಸಿ ತೀರ್ಪು ಕೊಡಲಿ ಎಂದು ನವರಾತ್ರಿ ರಜೆಯಲ್ಲಿ ನೀನು ಹೇಳಿದಾಗ ನಾನು ಬೇಡವೆನ್ನಲಿಲ್ಲ. ನಮ್ಮ ಕಾಲದಲ್ಲಿ ಯಾರು ದೊಡ್ಡವರು, ಯಾರು ನೀಚರು ಎಂಬುದು ಪುಸ್ತಕದಲ್ಲೇ ಅಚ್ಚಾಗಿ ಬರುತ್ತಿತ್ತು. ಐದನೇ ಫಾರಂನಲ್ಲಿ ರಾಬರ್ಟ್ ಕ್ಲೈವನ ಧೈರ್ಯವನ್ನು ಹೊಗಳಿ ಬರೆದು ನಾನು ನೂರಕ್ಕೆ ಎಪ್ಪತ್ತೆರಡು ಪಡೆದವಳು. ಅದೇ ಕ್ಲೈವ್ ನಿನ್ನ ಮಕ್ಕಳ ಕೈಯಲ್ಲಿ ಕಳ್ಳನಾದನಂತೆ. ಆಗಲಿ. ಅಶೋಕನಿಗೆ ಕೂಡ ಹನ್ನೊಂದು ಮಕ್ಕಳು ಕ್ಷಮೆ ಕೊಡಲಿಲ್ಲ ಎಂದು ಬರೆದಿದ್ದೀ. "ಕೊಲ್ಲುವಷ್ಟು ಕೊಂದು ಆಮೇಲೆ ಕಲ್ಲಿನಲ್ಲಿ ಬರೆಸಿದರೆ ಆಯಿತಾ ಟೀಚರ್?" ಎಂದು ಕೇಳಿದ ಶಹರ್ಬಾನು ಎಂಬ ಹುಡುಗಿ ನನಗೆ ಹಿಡಿಸಿದಳು.

ಆದರೆ ದೂರದ ರಾಜರು ಸಾಕು, ನಿಮ್ಮ ನಿಮ್ಮ ಊರಿನ ಒಂದೊಂದು ಹೆಸರು ತನ್ನಿ ಎಂದು ಮಕ್ಕಳಿಗೆ ಹೇಳಲು ನಿನಗೆ ಯಾರು ಬುದ್ಧಿ ಕೊಟ್ಟರು? ದುಷ್ಟರ ಪಟ್ಟಿಯಲ್ಲಿ ನನ್ನ ಸೋದರಮಾವ, ನಮ್ಮ ದೂಮಣ್ಣ ಮಾವನ ಹೆಸರು ಬಂದ ಮೇಲೆ ನೀನು ಅದನ್ನು ಹೊಡೆದುಹಾಕಬೇಕಿತ್ತು. "ನನ್ನ ಮನೆಯವರು ಎಂಬ ಕಾರಣಕ್ಕೆ ತೆಗೆದರೆ ನಾನು ಯಾವ ಟೀಚರ್?" ಎಂದು ನನಗೇ ಬರೆಯುತ್ತೀ. ಹದಿನಾರನೇ ತಾರೀಕು ಶನಿವಾರ, ಮೂಡುಬಿದಿರೆಯ ನಾಲ್ಕು ಜನ ದೊಡ್ಡವರ ಎದುರು, ಸತ್ತು ಹತ್ತು ವರ್ಷವಾದ ಮಾವನನ್ನು ಊರದ್ರೋಹಿ ಎಂದು ಮಕ್ಕಳು ಕೂಗುವುದು, ನೀನು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಕೇಳುವುದು. ಇದು ಆಗಬಾರದು.

ನಿನಗೆ ಗೊತ್ತಿಲ್ಲದ ಸಂಗತಿಯೊಂದು ಉಂಟು. ಕಳೆದ ಭಾನುವಾರ ನಿನ್ನ ತರಗತಿಯ, ಮಾವನ ಹೆಸರು ಕೊಟ್ಟ ಆ ಕಮಲಾಕ್ಷ ಇಲ್ಲಿಗೆ ಬಂದಿದ್ದ. ಧರ್ಣಪ್ಪ ಮಾಸ್ಟ್ರ ತಂಗಿಯ ಮಗ. ಜೊತೆಗೆ ಹನೀಫಾ ಎಂಬ ಗೆಳೆಯ. ಇಬ್ಬರೂ ಬಂಟ್ವಾಳದ ಬಸ್ಸಿನಲ್ಲಿ ಇಳಿದು ನಡೆದು ಬಂದರು. ಸಾಕ್ಷಿ ಸಂಗ್ರಹವಂತೆ, ಕೈಯಲ್ಲಿ ನೋಟ್ ಪುಸ್ತಕ. ಮನೆಗೆ ಬಂದವರಿಗೆ ಕೊಡುವಂತೆ ಬೆಲ್ಲ ನೀರು ತರಿಸಿ ಇಟ್ಟೆ. ಕಮಲಾಕ್ಷ ಚೆಂಬು ಮುಟ್ಟಲಿಲ್ಲ. "ಈ ಮನೆಯ ನೀರು ಕುಡಿಯಬಾರದೆಂದು ಅಮ್ಮ ಹೇಳಿದ್ದಾರೆ" ಎಂದ. ಹನೀಫಾ ತನ್ನ ಪಾಲಿನ ಬೆಲ್ಲ ತಿಂದು ಅವನ ಪಾಲಿಗೂ ಕೈ ಹಾಕಿ, "ನನ್ನ ಅಮ್ಮ ಹಾಗೇನೂ ಹೇಳಲಿಲ್ಲ ಮಾರಾಯ, ಎರಡು ಮೈಲು ನಡೆಸಿದ್ದಿ ನೀನು" ಎಂದ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ಏನು ಕೇಳಬೇಕೋ ಕೇಳು" ಎಂದೆ. ಆ ಹುಡುಗ ಗೌರವ ತಪ್ಪಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಿಮ್ಮ ಮಾವ ದೈವದ ಎದುರು ಒಪ್ಪಿಕೊಂಡದ್ದು ಹೌದಾ ಅಲ್ಲವಾ ಅಮ್ಮಾ? ಅಷ್ಟು ಹೇಳಿ, ಸಾಕು. ಬೇರೆ ಏನೂ ಕೇಳುವುದಿಲ್ಲ." ನಾನು, ದೊಡ್ಡವರ ವಿಷಯ ನಿಮಗೆ ಬೇಡ, ಹೋಗಿ ಲೆಕ್ಕ ಮಾಡಿ, ಪಬ್ಲಿಕ್ ಪರೀಕ್ಷೆ ಹತ್ತಿರ ಬಂತು ಎಂದು ಗದರಿಸಿ ಕಳುಹಿಸಿದೆ. ಹುಣಿಯ ಮೇಲೆ ನಡೆದು ಗದ್ದೆ ದಾಟುವವರೆಗೂ ಅವನು ತಿರುಗಿ ನೋಡಲಿಲ್ಲ. ಅವನನ್ನು ದೂರುವ ಹಾಗಿಲ್ಲ. ನಮ್ಮ ಅಳಿಯಸಂತಾನದಲ್ಲಿ ಮಾವನ ಮಾನಕ್ಕೆ ಸೋದರಳಿಯನೇ ಹಕ್ಕುದಾರ. ತಾನು ಕಣ್ಣಿನಲ್ಲಿ ಕಾಣದ ಮಾವನಿಗಾಗಿ ಅವನು ಬಂದ.

ನಡೆದದ್ದನ್ನು ಬರೆ, ಸತ್ಯವನ್ನೇ ಬರೆ ಎಂದು ನೀನೂ ಕೇಳಿದ್ದೀ. ಸರಿ.

ನಲವತ್ತೆರಡನೇ ಇಸವಿ. ಆಗ ನಿನಗೆ ಆರು ವರ್ಷ. ನಮ್ಮ ಮನೆಯ ಪತ್ತಾಯದ ಕೋಣೆಯಲ್ಲಿ, ಭತ್ತದ ರಾಶಿಯ ಹಿಂದೆ, ಧರ್ಣಪ್ಪ ಮಾಸ್ಟ್ರು ಎಂಟು ದಿನ ಅಡಗಿದ್ದರು. ಸರಕಾರದ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಪೊಲೀಸರು ಅವರನ್ನು ಹುಡುಕುತ್ತಿದ್ದರು. ಅವರನ್ನು ಕರೆತಂದವನು ನನ್ನ ತಮ್ಮ ಅಣ್ಣು. ಇರಲಿ ಎಂದವರು ದೂಮಣ್ಣ ಮಾವ. ಒಂಬತ್ತನೇ ದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ನೇರವಾಗಿ ಬಂದ, ಯಾವ ಕೋಣೆ ಎಂದು ಕೂಡ ಕೇಳಲಿಲ್ಲ. ಮಾಸ್ಟ್ರು ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದು ಕೆಮ್ಮು ಹಿಡಿಸಿಕೊಂಡು ಬಂದರು. ಮತ್ತೊಂದು ಮಳೆಗಾಲ ಕಾಣಲಿಲ್ಲ.

ಮನೆಯವರೇ ಸುದ್ದಿ ಕೊಟ್ಟರೆಂದು ಊರು ಆಡಿಕೊಂಡಿತು. ಮಾಸ್ಟ್ರು ಜೈಲಿಗೆ ಹೋದ ಆ ವರ್ಷ, ದೈವ ಮೈದುಂಬಿ ನುಡಿ ಕೊಡುವ ನೇಮದ ದಿನ, ಊರವರೆಲ್ಲ ಸೇರಿದಲ್ಲಿ, ದೈವದ ಎದುರು ಮಾವನನ್ನು ಕೇಳಿದರು. ಅಲ್ಲಿ ಸುಳ್ಳು ಹೇಳುವಂತಿಲ್ಲ. ಮಾವ ಹೇಳಿದ್ದು ಇಷ್ಟೇ: "ನನ್ನ ಮನೆಯಿಂದ ಹೋದ ಮಾತು. ಮನೆಗೆ ಯಜಮಾನ ನಾನು. ಇನ್ನು ಯಾರನ್ನೂ ಕೇಳಬೇಡಿ."

ಮಗಾ, ಈ ಮಾತನ್ನು ಸರಿಯಾಗಿ ಓದು. "ನಾನು ಹೇಳಿದೆ" ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಮನೆಯ ಹೆಂಗಸರು, ಮಕ್ಕಳು, ಆಳುಗಳು ಯಾರು ಏನು ಮಾಡಿದರೂ ಹೊರಗೆ ಉತ್ತರ ಕೊಡುವವನು ಯಜಮಾನ. ಅದು ನಮ್ಮ ಕ್ರಮ. ಕ್ರಮ ಗೊತ್ತಿದ್ದ ಊರೇ ಅದನ್ನು ತಪ್ಪೊಪ್ಪಿಗೆ ಎಂದುಕೊಂಡಿತು. ನೇಮದಲ್ಲಿ ಗುತ್ತಿನ ಮನೆಯ ಯಜಮಾನನಿಗೆ ಮರ್ಯಾದೆಯಾಗಿ ಸಿಗಬೇಕಾದ ಮೊದಲ ಗಂಧ ಅಂದಿನಿಂದ ಅವರಿಗೆ ಸಿಗಲಿಲ್ಲ. ಸಾಯುವವರೆಗೆ ಒಂಬತ್ತು ನೇಮದಲ್ಲಿ ಅವರು ಕಂಬದ ಹಿಂದೆ, ಜನರ ಹಿಂದೆ ನಿಂತರು. ಅಣ್ಣು ಅವರ ಮುಖಕ್ಕೆ "ನಿಮ್ಮ ಅಳಿಯ ಎನ್ನಲು ನಾಚಿಕೆಯಾಗ್ತದೆ" ಎಂದು ಹೇಳಿ ಬೊಂಬಾಯಿಗೆ ಹೋದ. ಮಾವ ತೀರಿಕೊಂಡಾಗ ಉತ್ತರಕ್ರಿಯೆಯ ಬೊಜ್ಜಕ್ಕೂ ಅವನು ಬರಲಿಲ್ಲ.

ಹಾಗಾದರೆ ಮಾತು ಯಾರಿಂದ ಹೋಯಿತು? ಹತ್ತೊಂಬತ್ತು ವರ್ಷ ಹೇಳದ್ದನ್ನು ಹೇಳುತ್ತೇನೆ. ನಿನ್ನ ದೊಡ್ಡಮ್ಮ ಅಮ್ಮಣಿಯಿಂದ. ಅವಳು ಬಂಟ್ವಾಳ ಪೇಟೆಯಲ್ಲಿ ಬಳೆ ಇಡಿಸಿಕೊಳ್ಳುವಾಗ ಪಕ್ಕದಲ್ಲಿ ಪೊಲೀಸ್ ದಫೇದಾರನ ಹೆಂಡತಿ ಕುಳಿತಿದ್ದಳಂತೆ. ಮಾತಿನ ಭರದಲ್ಲಿ, ಮನೆಯಲ್ಲಿ ಒಬ್ಬರಿಗೆ ಹೆಚ್ಚಿಗೆ ಅನ್ನ ಇಡಬೇಕಾಗಿದೆ ಎಂದಳಂತೆ. ಕೆಟ್ಟ ಮನಸ್ಸಿನಿಂದಲ್ಲ. ಅವಳೂ ತೀರಿಕೊಂಡು ನಾಲ್ಕು ವರ್ಷವಾಯಿತು. ಮಾವನ ಹೆಸರನ್ನು ಪಟ್ಟಿಯಿಂದ ತೆಗೆ. ತೆಗೆಯಲು ಆಗದಿದ್ದರೆ, ಒಬ್ಬ ಹೆಂಗಸಿನ ಬಾಯಿ ತಪ್ಪಿ ಆದ ಅನಾಹುತ ಎಂದು ಮಕ್ಕಳಿಗೆ ತಿಳಿಸಿ ಮುಗಿಸು. ಹೆಸರು ಹೇಳಲೇಬೇಕೆಂದರೆ ಹೇಳು. ಅಮ್ಮಣಿಗೆ ಮಕ್ಕಳಿಲ್ಲ, ಕೇಳಿ ನೊಂದುಕೊಳ್ಳುವವರು ಯಾರೂ ಇಲ್ಲ.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಕೆಮ್ಮಿಗೆ ಕಾಳುಮೆಣಸಿನ ಕಷಾಯ ಬಿಡಬೇಡ. ಹಾಸ್ಟೆಲಿನ ಚಹಾ ಕಡಿಮೆ ಮಾಡು.

ನಿನ್ನ ಅಮ್ಮ,
ಕಾಂತಿ

ಮತ್ತೆ ಬರೆದದ್ದು:

ಲಕೋಟೆಗೆ ಹಾಕುವ ಮೊದಲು ಒಮ್ಮೆ ಓದಿದೆ. ಅಮ್ಮಣಿಯ ಹೆಸರಿನ ಹತ್ತಿರ ಬಂದು ನಿಂತೆ. ಆ ಪುಟವನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯುವುದಿಲ್ಲ. ಸತ್ತವರ ತಲೆಗೆ ಕಟ್ಟುವುದು ಎಷ್ಟು ಸುಲಭ ಎಂದು ನಿನ್ನ ಮಕ್ಕಳೂ ನೋಡಲಿ.

ಆ ತಿಂಗಳು ಅಮ್ಮಣಿ ಪೇಟೆಗೆ ಹೋಗಿರಲಿಲ್ಲ. ಬಳೆಯವನೂ ಇಲ್ಲ, ದಫೇದಾರನ ಹೆಂಡತಿಯೂ ಇಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಆ ಪಾಪದವಳು ಧರ್ಣಪ್ಪ ಮಾಸ್ಟ್ರಿಗೆ ಎಂಟು ದಿನವೂ ಬಿಸಿ ಗಂಜಿ ಕೊಟ್ಟವಳು. ಸ್ಟೇಷನ್ನಿಗೆ ಚೀಟಿ ಬರೆದು ಅಂಚೆಗೆ ಹಾಕಿದವಳು ನಾನು. ಎರಡೇ ಸಾಲು, ಹೆಸರು ಹಾಕಿರಲಿಲ್ಲ.

ಬರುವ ಶುಕ್ರವಾರ ನಿಮ್ಮ ಜೊತೆ ನಾನೂ ಹೊರಡುತ್ತೇನೆ ಎಂದು ಅಣ್ಣು ಮಾಸ್ಟ್ರಿಗೆ ಹೇಳುವುದನ್ನು ನಾನು ಕೇಳಿಸಿಕೊಂಡೆ. ಅವನಿಗೆ ಹತ್ತೊಂಬತ್ತು ವರ್ಷ. ತಾಯಿ ಹೋದ ಮೇಲೆ ನಾನು ಸಾಕಿದವನು. ಮಾಸ್ಟ್ರನ್ನು ಹಿಡಿದು ಹದಿನೈದು ದಿನ ಇಟ್ಟು ಬಿಡುತ್ತಾರೆ, ಅಷ್ಟರಲ್ಲಿ ಇವನ ಹುಚ್ಚು ಇಳಿಯುತ್ತದೆ ಎಂದುಕೊಂಡೆ. ಅಷ್ಟೇ ನನ್ನ ಬುದ್ಧಿ. ಅಣ್ಣು ಹೇಗೂ ಹೋದ, ಅದೂ ತಪ್ಪು ಮನುಷ್ಯನನ್ನು ದ್ವೇಷಿಸಿಕೊಂಡು.

ಇನ್‌ಸ್ಪೆಕ್ಟರ್ ಚೀಟಿಯನ್ನು ಮಾವನಿಗೆ ತೋರಿಸಿದ. ಹೆಣ್ಣುಮಗುವಿಗೆ ಹೈಸ್ಕೂಲು ಯಾಕೆ ಎಂದು ಊರೆಲ್ಲ ಕೇಳುವಾಗ ನನ್ನನ್ನು ಮಂಗಳೂರಿಗೆ ಕಳುಹಿಸಿ ಓದಿಸಿದವರು ಅವರು. ಗುರುತು ಸಿಗದೆ ಇರುತ್ತದೆಯೇ? ಮಧ್ಯಾಹ್ನ ಊಟಕ್ಕೆ ಕುಳಿತಾಗ, ನನ್ನ ಮುಖ ನೋಡದೆ, "ಅಕ್ಷರ ಚಂದ ಉಂಟು" ಎಂದರು. ಅದರ ಮೇಲೆ ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ಆ ವಿಷಯ ಎತ್ತಲಿಲ್ಲ. ನೇಮದ ದಿನ ಅವರು ದೈವದ ಎದುರು ಉತ್ತರ ಕೊಡುವಾಗ ನಾನು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಏಳಬೇಕೆಂದು ಒಮ್ಮೆ ಸೆರಗು ಸರಿಮಾಡಿಕೊಂಡದ್ದು ನೆನಪಿದೆ. ಏಳಲಿಲ್ಲ.

ಮಕ್ಕಳು ನನ್ನನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಗೊತ್ತಿಲ್ಲ. ಅದಕ್ಕಿಂತ, ನೀನು ಯಾವುದಕ್ಕೆ ಸೇರಿಸುತ್ತೀ ಎಂಬುದೇ ನನ್ನ ಹೆದರಿಕೆ.

ಪಟ್ಟಿಯಲ್ಲಿ ಮಾವನ ಹೆಸರು ಇರಲಿ, ವಿಚಾರಣೆ ಆಗಲಿ. ಆ ಶನಿವಾರ ಬೆಳಗ್ಗಿನ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಸಾಕ್ಷಿಯಾಗಿ ನನ್ನನ್ನು ಕರೆ. ಕಮಲಾಕ್ಷನ ತಾಯಿಗೂ ಹೇಳಿ ಕಳುಹಿಸು, ಎದುರಿನ ಸಾಲಿನಲ್ಲಿ ಕೂರಲಿ. ಅವನು ಏನು ಕೇಳಿದರೂ ತಡೆಯಬೇಡ. ನನ್ನ ನಾಲಿಗೆ ತಡವರಿಸಿದರೆ, ಮಾವ ಮಾಡಿದ ಹಾಗೆ ನನ್ನ ಬದಲಿಗೆ ಉತ್ತರ ಹೇಳಲು ನೀನು ಎದ್ದು ನಿಲ್ಲಬೇಡ.