ನಿನ್ನ ಫೋನಿಗೆ ಬಂದ ಆರು ಅಂಕಿ

ಗೋಕುಲ ರಸ್ತೆ, ಹುಬ್ಬಳ್ಳಿ
೨೧ ಆಗಸ್ಟ್ ೨೦೨೪, ಬುಧವಾರ ಮಧ್ಯಾಹ್ನ

ಪ್ರೀತಿಯ ದಾಕ್ಷಾ,

ನೀನು ಕಾಲೇಜಿನಲ್ಲಿದ್ದಾಗ ಬರೆದ ಪದ್ಯದ ಒಂದು ಸಾಲು ಬೆಳಗಿನಿಂದ ಬಾಯಲ್ಲಿ ಸುತ್ತುತ್ತಿದೆ. ‘ತಟ್ಟಿ ತೆರೆಸುವ ಬಾಗಿಲು ತವರಿನದಲ್ಲ.’ ಅದರ ಮುಂದಿನ ಸಾಲು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ, ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತ ಕುಳಿತಾಗ ನೀನು ಓದಿ ತೋರಿಸಿದ್ದೆ. ಛಲೋ ಐತಿ ಅಂದಿದ್ದೆ ನಾನು. ಈಗ ಆ ಸಾಲಿನ ಬಗ್ಗೆ ಅನುಮಾನ ಬಂದಿದೆ. ತವರಿಗೂ ಬಾಗಿಲಿರುತ್ತದೆ, ಬಾಗಿಲಿಗೆ ಚಿಲಕ ಇರುತ್ತದೆ, ಒಳಗಿನಿಂದ ಅದನ್ನು ಹಾಕುವ ಕೈಯೂ ಇರುತ್ತದೆ. ಆ ಕೈ ನಿನ್ನ ಅಣ್ಣನ ಹೆಂಡತಿಯದು, ನಿನ್ನ ವೈನಿಯದಾದೀತು ಎಂದು ಬರೆಯುವಾಗ ನಿನಗೆ ಹೊಳೆದಿರಲಿಕ್ಕಿಲ್ಲ.

ನೀನು ಹೇಗಿದ್ದೀ? ಹಿಮ್ಮಡಿಯ ನೋವು ಕಡಿಮೆಯಾಯಿತೇ, ಅಥವಾ ಈಗಲೂ ತರಗತಿಯಲ್ಲಿ ನಿಂತೇ ಪಾಠ ಮಾಡುತ್ತೀಯಾ? ರಾಯಚೂರಿನಲ್ಲಿ ಶ್ರಾವಣದಲ್ಲೂ ಬಿಸಿಲು ಬಿಡುವುದಿಲ್ಲವೆಂದು ನೀನು ಹೇಳುತ್ತಿದ್ದೆ. ನೀರು ಕುಡಿಯುವುದನ್ನು ಮರೆಯಬೇಡ. ಅವ್ವನ ಮೈಯಲ್ಲಿ ಆರಾಮ ಇದೆ. ಮನಸ್ಸಿನ ಮಾತು ಮುಂದೆ ಬರೆಯುತ್ತೇನೆ. ನಿನ್ನ ಅಣ್ಣ ಎಂದಿನಂತೆ ಅಮರಗೋಳದ ಅಂಗಡಿಗೆ ಹೋಗುತ್ತಾರೆ, ಕಾಳಿನ ಧೂಳಿಗೆ ಕೆಮ್ಮುತ್ತ ಬರುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆಯೇ ‘ಇರಲಿ ಬಿಡ್ರಿ ವೈನಿ’ ಅಂದುಬಿಡುತ್ತೀ. ಪೂರ್ತಿ ಕೇಳುವ ಮೊದಲೇ ನೀನು ಕ್ಷಮಿಸಬಾರದು, ಅದಕ್ಕೇ ಕಾಗದ.

ರಾಯಚೂರಿಗೆ ವರ್ಗವಾಗುವ ಮುಂಚೆ ನೀನು ತಂದು ಪಡಸಾಲೆಯಲ್ಲಿಟ್ಟ ಕಂಪ್ಯೂಟರಿನಿಂದಲೇ ಇದು ಸುರುವಾಯಿತು. ಜೂನ್ ತಿಂಗಳಲ್ಲಿ ಒಂದು ಸಂಜೆ ಗುಡುಗಿ, ಲೈಟು ಹೋಗಿ ಬಂದಾಗ ಒಳಗಿನಿಂದ ಸುಟ್ಟ ವಾಸನೆ ಬಂತು. ನಮ್ಮ ರಸ್ತೆಯಲ್ಲೇ ಅಂಗಡಿ ಇಟ್ಟಿರುವ ಇಕ್ಬಾಲ ಒಯ್ದು, ಮದರ್‌ಬೋರ್ಡ್ ಎಂಬ ಮುಖ್ಯವಾದ ಹಲಗೆ ಸುಟ್ಟಿದೆಯೆಂದು ಬೇರೆಯದನ್ನು ಕೂಡಿಸಿ ತಂದುಕೊಟ್ಟ. ತೆರೆ ಹೊತ್ತಿಸಿದಾಗ ಮೊದಲು ನೋಡಿದ್ದು ಮಾವನವರ ಫೋಟೋ ಇದೆಯೋ ಇಲ್ಲವೋ ಎಂದು. ಇತ್ತು. ಅವರು ತೀರಿಕೊಂಡ ಮೇಲೆ ನೀನು ಅಲ್ಲಿ ಹಾಕಿಕೊಟ್ಟ, ಅಂಗಡಿಯ ಕಟ್ಟೆಯ ಮೇಲೆ ಬಲಗಾಲು ಚಾಚಿ ಕುಳಿತ ಅದೇ ಫೋಟೋ. ಅವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅದರ ಮುಂದೆ ಬಂದು ನಿಲ್ಲುತ್ತಿದ್ದದ್ದು ನಿನಗೆ ಗೊತ್ತು. ನಾನು ಕಂಪ್ಯೂಟರ್ ಹಚ್ಚಿಕೊಡಬೇಕು, ಅವರು ಗಾಜಿನ ಮೇಲೆ ಆ ಕಾಲನ್ನು ಮುಟ್ಟಿ ಇಷ್ಟು ವಿಭೂತಿ ಹಚ್ಚಬೇಕು, ಮಧ್ಯಾಹ್ನ ನಾನು ಒದ್ದೆ ಬಟ್ಟೆಯಿಂದ ಒರೆಸಬೇಕು.

ಆದರೆ ಈ ಸಲ ಬಲಮೂಲೆಯಲ್ಲಿ, ಸರಿಯಾಗಿ ಆ ಕಾಲಿನ ಮೇಲೆ, ಬೂದಿ ಬಣ್ಣದ ಇಂಗ್ಲಿಷ್ ಅಕ್ಷರಗಳು ಬಂದು ಕುಳಿತಿದ್ದವು. ಕಂಪ್ಯೂಟರನ್ನು ಆ್ಯಕ್ಟಿವೇಟ್ ಮಾಡಿರಿ, ಸೆಟ್ಟಿಂಗ್ಸಿಗೆ ಹೋಗಿರಿ ಎಂದು. ಅವ್ವ ಹೊಲಸು ಅಂದುಕೊಂಡು ಸೆರಗಿನಿಂದ ತಿಕ್ಕಿದರು. ಹೋಗದಿದ್ದಾಗ, ಅದು ಬರಹ ಎಂದು ನಾನು ಹೇಳಿದೆ. ಹೇಳಬಾರದಿತ್ತು. ನೆಲದ ಮೇಲೆ ಬಿದ್ದ ಪೇಪರು ಕಾಲಿಗೆ ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದವರು ಮಾವನವರು. ಅವ್ವ ಹಿಂದೆ ಸರಿದು, ‘ಅಕ್ಷರದ ಮ್ಯಾಗ ಕಾಲಿಟ್ಟ ಕುಂತಂಗ ಕಾಣ್ತಾರಲ್ಲ ರಾಜವ್ವ, ಹೆಂಗ ಮುಟ್ಲಿ?’ ಅಂದರು. ಅಂದಿನಿಂದ ದೂರದಲ್ಲೇ ನಿಂತು ಕೈಮುಗಿದು ಹೋಗತೊಡಗಿದರು. ಫೋಟೋ ಸರಿಸಿ ನೋಡಿದೆ, ಕಾಲೇ ಕಾಣದಾಯಿತು. ನಿನ್ನ ಅಣ್ಣನಿಗೆ ಹೇಳಿದರೆ, ಬೇಕಾದಾಗ ಅಂಗಡಿಯ ಬಿಲ್ ಅದರಲ್ಲಿ ಬರುತ್ತವಲ್ಲ, ಅಕ್ಷರ ಇದ್ದರೆ ಇರಲಿ ಅಂದರು.

ನಾನು ಕುಳಿತು ಎಲ್ಲ ಮಾಡಿದೆ. ಬಂದ್ ಮಾಡಿ ಮತ್ತೆ ಹಚ್ಚಿದೆ, ತಾರೀಖು ವೇಳೆ ಸರಿ ಇವೆಯೇ ನೋಡಿದೆ, ಇಂಟರ್ನೆಟ್ ನೋಡಿದೆ. ಪ್ರತಿಸಲ ಅದೇ ಉದ್ದನೆಯ ದೋಷಸಂಖ್ಯೆ, ಅದರ ಕೆಳಗೆ ಯಂತ್ರದ ಭಾಗ ಬದಲಾಗಿರುವುದರಿಂದ ಲೈಸೆನ್ಸ್ ಸಿಗುತ್ತಿಲ್ಲ ಎಂಬ ಮಾತು. ತೊಂದರೆ ಹುಡುಕುವ ಗುಂಡಿ ಒತ್ತಿದರೆ, ‘ಈ ಕಂಪ್ಯೂಟರಿನ ಭಾಗವನ್ನು ಇತ್ತೀಚೆಗೆ ಬದಲಿಸಿದ್ದೇನೆ’ ಎಂದು ಒಪ್ಪಿಕೊಳ್ಳುವ ಒಂದು ಸಾಲು. ಒಪ್ಪಿಕೊಂಡೆ. ಆಮೇಲೆ ಅದು ಕೇಳಿದ್ದು ನಿನ್ನ ಹೆಸರಿನ ಖಾತೆ. ಇಕ್ಬಾಲನಿಗೆ ಫೋನ್ ಮಾಡಿದರೆ ಅವನಿಗೆ ನಗು. ‘ಅಕ್ಕಾರ, ಮಶೀನಷ್ಟ ನಿಮ್ಮ ಮನ್ಯಾಗ ಐತ್ರಿ, ಮಾಲಕಿ ರಾಯಚೂರಾಗ ಅದಾರ. ಅವರ ಬಂದು ಇದು ನಂದ ಅನಬೇಕ್ರಿ.’ ಬೇಡವೆಂದರೆ ಎಲ್ಲ ಅಳಿಸಿ ಹೊಸದು ಹಾಕಿಕೊಡುತ್ತೇನೆ ಅಂದ. ನಿನ್ನ ಹೆಸರನ್ನು ಈ ಮನೆಯಿಂದ ಇನ್ನೊಂದು ಸಲ ಅಳಿಸುವುದು ನನ್ನಿಂದಾಗಲಿಲ್ಲ.

ಮೊದಲ ಸಲ ಅಳಿಸಿದ್ದು ಯಾವಾಗ ಎಂದು ನಿನಗೆ ಗೊತ್ತು. ಮಾವನವರ ವರ್ಷದ ಪೂಜೆಯ ದಿನ, ಪಂಕ್ತಿಯಲ್ಲಿ ಕುಳಿತಾಗ ನೀನು ಅವ್ವನನ್ನು ನಿನ್ನ ಜೊತೆ ಕರೆದೊಯ್ಯುವ ಮಾತೆತ್ತಿದೆ. ಗಂಡುಮಗ ಇರುವಾಗ ತಾಯಿ ಮಗಳ ಮನೆಯಲ್ಲಿ ಇರುತ್ತಾಳೇನು ಎಂದು ನಿನ್ನ ಅಣ್ಣ ಎಲ್ಲರೆದುರು ಕೂಗಾಡಿದರು. ಅವ್ವನಿಗೆ ಹೋಗುವ ಮನಸ್ಸಿತ್ತು, ಅದು ನನಗೆ ಗೊತ್ತಿತ್ತು. ನೀನು ಉಣ್ಣದೆ ಎದ್ದೆ. ನಾನು ಹುಗ್ಗಿಯ ಸೌಟು ಹಿಡಿದು ಮುಂದಿನ ಎಲೆಗೆ ಬಡಿಸುತ್ತ ಹೋದೆ.

ಅಂದಿನಿಂದ ಈ ಮನೆಗೂ ನಿನಗೂ ಮಾತಿಲ್ಲ. ಹೀಗಿರುವಾಗ ನಿನಗೆ ಫೋನ್ ಮಾಡಿ ಪಾಸ್‌ವರ್ಡ್ ಏನೆಂದು ಹೇಗೆ ಕೇಳಲಿ? ‘ಕೋಡ್ ಕಳಿಸು’ ಎಂಬುದನ್ನು ಒತ್ತಿದೆ. ಚುಕ್ಕಿಗಳ ಹಿಂದೆ ನಿನ್ನ ನಂಬರಿನ ಕೊನೆಯ ಎರಡು ಅಂಕಿ ಕಂಡವು. ಕೋಡು ನಿನ್ನ ಫೋನಿಗೆ ಹೋಯಿತು, ನನ್ನ ಮುಂದೆ ಆರು ಖಾಲಿ ಚೌಕ ಉಳಿದವು. ಅದು ತೆರೆಯುವುದಿಲ್ಲವೆಂದು ಗೊತ್ತಿದ್ದೂ ಮರುದಿನ ಮತ್ತೆ ಒತ್ತಿದೆ. ಆಮೇಲೆ ದಿನವೂ ಮಧ್ಯಾಹ್ನ. ಅದು ಕಂಪ್ಯೂಟರಿಗಾಗಿ ಅಲ್ಲ ದಾಕ್ಷಾ. ನಿನ್ನ ಕೈಯಲ್ಲಿರುವ ಫೋನು ಒಮ್ಮೆ ಸದ್ದು ಮಾಡುತ್ತದಲ್ಲ, ಅದಕ್ಕಾಗಿ. ಈ ಸಲ ಪಂಚಮಿಗೆ ನಿನ್ನನ್ನು ಕರೆಯಲು ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ನಿನ್ನ ಅಣ್ಣ ಪೇಟೆಯಿಂದ ಹುರಿದ ಜೋಳದ ಅಳ್ಳಿನ ಪುಡಿಕೆ ಒಂದರ ಬದಲು ಎರಡು ತಂದು, ಒಂದನ್ನು ಕಪಾಟಿನ ಮೇಲಿಟ್ಟು ಮಲಗಿಬಿಟ್ಟರು. ತವರಿನಿಂದ ನಿನಗೆ ಬಂದದ್ದು ಆರು ಅಂಕಿ ಮಾತ್ರ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಬಂದು, ದಿನಾ ಅದೇನು ಒತ್ತುತ್ತೀ ಎಂದು ಕೇಳಿದರು. ನಿನ್ನನ್ನು ಕರೆಯುತ್ತಿದ್ದೇನೆ ಅಂದೆ. ಪದ್ಯ ಓದಿಕೊಂಡವಳಿಗೆ ಸುಳ್ಳನ್ನು ನಿಜದ ಹತ್ತಿರ ತಂದಿಡುವುದು ಕಷ್ಟವಲ್ಲ. ಅವರ ಮುಖ ಅರಳಿತು. ಅಲ್ಲಿಂದ ದಿನಾಲೂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂಡತೊಡಗಿದರು. ‘ಎತ್ತಿದ್ಲೇನು?’ ಅನ್ನುವರು. ‘ಇನ್ನೂ ಇಲ್ರೀ’ ಅನ್ನುವೆನು. ಪಕ್ಕದಲ್ಲೇ ನನ್ನ ಫೋನ್ ಇರುತ್ತಿತ್ತು. ಕೈ ಚಾಚಿ ನಿನ್ನ ನಂಬರ್ ಹಚ್ಚಿ ಅವರ ಕಿವಿಗೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನಿನ್ನ ದನಿ ಕೇಳಿದರೆ ಹೋಗುತ್ತೇನೆ ಅಂದಾರು, ಹೋದರೆ ಸೊಸೆ ಓಡಿಸಿದಳು ಎಂದು ಓಣಿಯವರು ಆಡಿಕೊಂಡಾರು. ನನ್ನ ಹೆಸರು ಕೆಡಬಾರದೆಂದು ಅವರ ಕಿವಿ ಮುಚ್ಚಿಟ್ಟೆ.

ಕಳೆದ ವಾರ ಅವ್ವ ಕುರ್ಚಿಯಿಂದ ಎದ್ದರು. ‘ಅವತ್ತ ನಾ ಬಾಯಿ ಬಿಟ್ಟ ಒಂದ ಮಾತ ಅನ್ಲಿಲ್ಲ. ಅದಕ್ಕ ನನ್ನ ಮ್ಯಾಲೆ ಸಿಟ್ಟ ಮಾಡ್ಕೊಂಡಾಳ. ಇನ್ನ ಕರೀಬ್ಯಾಡ ಬಿಡು’ ಅಂದರು. ಪಂಚಮಿಗೆ ನಿನಗೆ ಉಡಿ ತುಂಬಲೆಂದು ತೆಗೆದಿಟ್ಟಿದ್ದ ಹಸಿರು ಖಣವನ್ನು ಪೆಟ್ಟಿಗೆಯಿಂದ ತಂದು ಕಂಪ್ಯೂಟರಿನ ಮೇಲೆ ಹೊದಿಸಿದರು. ಅಂದಿನಿಂದ ಅದನ್ನು ಯಾರೂ ಹಚ್ಚಿಲ್ಲ. ಅವ್ವ ಮಾವನವರ ಫೋಟೋದ ಮುಂದೆಯೂ ಬರುತ್ತಿಲ್ಲ. ನಾನು ಆಡದೆ ಉಳಿದ ಮಾತಿನ ಶಿಕ್ಷೆಯನ್ನು ಅವರು ಅನುಭವಿಸುತ್ತಿದ್ದಾರೆ.

ಇಂದು ಸಂಜೆ ಅವರಿಗೆ ನಿಜ ಹೇಳುತ್ತೇನೆ. ನಿನ್ನ ಅಣ್ಣನೆದುರೇ ಹೇಳುತ್ತೇನೆ. ಅವ್ವ ನಿನ್ನ ಜೊತೆ ಬರುತ್ತೇನೆ ಅಂದರೆ ಅವರ ಬಟ್ಟೆಯ ಚೀಲ ನಾನೇ ತುಂಬಿಕೊಡುತ್ತೇನೆ. ನನಗೆ ಕೋಡು ಬೇಡ. ನೀನು ಬಂದು ಮುಟ್ಟಿದ ದಿನ ಆ ಅಕ್ಷರ ಹೋದರೆ ಹೋಗಲಿ. ನೀನು ಬಾರದೆ ಇದ್ದರೂ ನನ್ನ ಮೇಲಿನ ಸಿಟ್ಟು ಅವ್ವನ ಮೇಲೆ ಬೇಡ.

ನಿನ್ನ ಅಣ್ಣ ನಿನಗೆ ನೆನಪು ತಿಳಿಸಲು ಹೇಳಿಲ್ಲ, ಆದರೆ ಎರಡನೆಯ ಪುಡಿಕೆ ಇನ್ನೂ ಕಪಾಟಿನ ಮೇಲೇ ಇದೆ. ಅವ್ವನ ಆಶೀರ್ವಾದ ಕೇಳಿ ಬರೆಯುವ ಮುಖ ನನಗಿಲ್ಲ. ಅದು ನಿನಗೆ ಇದ್ದೇ ಇದೆ ಎಂದು ತಿಳಿ.

ನಿನ್ನ ವೈನಿ,
ರಾಜೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಪಕ್ಕದ ಮನೆಯ ಶೇವಂತೆವ್ವ ಬಂದಿದ್ದಳು. ನೀನು ಸಂಜೆ ಅವಳಿಗೆ ತಿರುಗಿ ಫೋನ್ ಮಾಡುತ್ತೀಯಂತೆ. ಆ ಹೊತ್ತಿಗೆ ಅವ್ವನನ್ನು ಅವಳ ಕಟ್ಟೆಯ ಮೇಲೆ ಕೂಡಿಸಿರುತ್ತೇನೆ, ಫೋನನ್ನು ಅವರೇ ಎತ್ತುತ್ತಾರೆ. ಕಾಗದ ಆಮೇಲೆ ಬಂದರೂ ಪೂರ್ತಿ ಓದು. ಶೇವಂತೆವ್ವ ಬಾಗಿಲಲ್ಲಿ ನಿಂತು, ಒಳಗೆ ಬರದೆ ಹೇಳಿದ್ದು ಇಷ್ಟು: ‘ರಾಜಕ್ಕಾರ, ನಿಮ್ಮ ದಾಕ್ಷಾಯಿಣಿ ಫೋನ್ ಮಾಡಿದ್ಲ್ರಿ. ದಿನಾ ಮಧ್ಯಾಹ್ನ ನಿಮ್ಮ ಮನಿಯಿಂದ ಆಕಿಗೆ ಒಂದ ನಂಬರ ಬರ್ತಿತ್ತಂತ, ಆಕಿ ಅದರ ಹಾದಿ ಕಾಯ್ತಿದ್ಲಂತ. ಈಗ ಬರೂದ ನಿಂತೈತಿ, ಅವ್ವ ಅದಾಳೋ ಇಲ್ಲೋ ನೋಡಿ ಬಂದ ಹೇಳು ಅಂದಾಳ್ರಿ.’